ಅಂಗಡಿ ಮುಳುಗಿ, ಸಾಲ ತಲೆ ಮೇಲೆ ಬಿದ್ದು, ಜೇಬಲ್ಲಿ ಚಾಕು ಇಟ್ಟುಕೊಳ್ಳಲೂ ಹೆದರಿದ್ದ ಲಿಂಕನ್

ಅಬ್ರಹಾಂ ಲಿಂಕನ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಉದ್ದನೆ ಟೋಪಿ, ಗಡ್ಡ, ಗುಲಾಮರನ್ನು ಬಿಡಿಸಿದ ಅಮೆರಿಕದ ಅಧ್ಯಕ್ಷ. ಮಗನ ಮೇಷ್ಟ್ರಿಗೆ ಬರೆದರು ಎನ್ನುವ ಆ ಪತ್ರವೂ ನೆನಪಾಗುತ್ತೆ. (ಅದನ್ನು ಲಿಂಕನ್ ಬರೆದರು ಅನ್ನೋದಕ್ಕೆ ಆಧಾರವೇ ಸಿಕ್ಕಿಲ್ಲ. ಆದರೂ ಶಿಕ್ಷಕರ ದಿನಾಚರಣೆ ಬಂದರೆ ವಾಟ್ಸ್ಯಾಪಿನಲ್ಲಿ ಅದು ತಪ್ಪುವುದಿಲ್ಲ.) ಸೋತು ಸೋತು ಕೊನೆಗೆ ಗೆದ್ದವರು ಅಂತ ಭಾಷಣಗಳಲ್ಲೂ ಕೇಳಿದ್ದೇವೆ.

ಆದರೆ ಆ ಸೋಲುಗಳ ನಡುವೆ ಆ ಮನುಷ್ಯನಿಗೆ ಒಳಗೆ ಏನಾಯಿತು ಅನ್ನೋದನ್ನ ಭಾಷಣ ಮಾಡುವವರು ಹೇಳೋದಿಲ್ಲ. 26ನೇ ವಯಸ್ಸಿನಲ್ಲಿ ಒಂದು ಸಲ, 32 ತುಂಬುವ ಹೊತ್ತಿಗೆ ಇನ್ನೊಂದು ಸಲ, ಲಿಂಕನ್ ಬದುಕೇ ಸಾಕು ಅನ್ನುವ ಮಟ್ಟಕ್ಕೆ ಕುಸಿದಿದ್ದರು. ಇವತ್ತು ಡಾಕ್ಟರು ಖಿನ್ನತೆ, ಡಿಪ್ರೆಶನ್ ಅಂತ ಕರೆಯುವ ಕಾಯಿಲೆಯ ಲಕ್ಷಣಗಳೆಲ್ಲ ಅವರಲ್ಲಿ ಇದ್ದವು. ಅವರನ್ನು ಆ ಗುಂಡಿಯಿಂದ ಎತ್ತಿದವರಲ್ಲಿ ಮುಖ್ಯನಾದವನು ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ವ್ಯಾಪಾರಿ. ಲಿಂಕನ್ ಸ್ವತಃ ಅಂಗಡಿ ಇಟ್ಟು ಕೈ ಸುಟ್ಟುಕೊಂಡವರು. ಹಾಗಾಗಿ ಗಲ್ಲಾಪೆಟ್ಟಿಗೆ ಹಿಂದೆ ಕೂತು ಇದನ್ನು ಓದುತ್ತಿರುವವರಿಗೆ ಈ ಕಥೆ ದೂರದ್ದು ಅನ್ನಿಸಲಾರದು.

ಒಂಬತ್ತು ವರ್ಷದ ಹುಡುಗ

ಲಿಂಕನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಕೆಂಟಕಿ ರಾಜ್ಯದ ಒಂದು ಮರದ ದಿಮ್ಮಿಯ ಗುಡಿಸಲಲ್ಲಿ. ಅಪ್ಪ ರೈತ, ಬಡಗಿ ಕೆಲಸವೂ ಗೊತ್ತಿತ್ತು. ಹುಡುಗನಿಗೆ ಏಳು ವರ್ಷವಿದ್ದಾಗ ಸಂಸಾರ ಇಂಡಿಯಾನಾದ ಕಾಡಿನ ಕಡೆಗೆ ಹೋಯಿತು. ಅಲ್ಲಿ 1818ರಲ್ಲಿ ಹಾಲಿನ ರೋಗ ಬಂತು. ಕಾಡಿನಲ್ಲಿ ಬೆಳೆಯುವ ಒಂದು ವಿಷದ ಗಿಡ ತಿಂದ ಹಸುವಿನ ಹಾಲು ಕುಡಿದವರು ವಾರದೊಳಗೆ ಸಾಯುತ್ತಿದ್ದರು. ಕಾರಣ ಏನೂಂತ ಆಗ ಯಾರಿಗೂ ಗೊತ್ತಿರಲಿಲ್ಲ. ಹುಡುಗನ ತಾಯಿ ನ್ಯಾನ್ಸಿ ಹೋದಳು. ಅವಳನ್ನು ಸಾಕಿ ಬೆಳೆಸಿದ್ದ, ಪಕ್ಕದಲ್ಲೇ ಇದ್ದ ದಂಪತಿಯೂ ಅದೇ ರೋಗಕ್ಕೆ ಹೋದರು. ಶವಪೆಟ್ಟಿಗೆ ಮಾಡಿದವನು ಅಪ್ಪನೇ. ಒಂಬತ್ತು ವರ್ಷದ ಹುಡುಗ ಅದಕ್ಕೆ ಮರದ ಗೂಟ ಕೆತ್ತಿ ಕೊಟ್ಟ ಅಂತ ಜೊತೆಯಲ್ಲಿ ಬೆಳೆದ ಸಂಬಂಧಿಕರು ಮುಂದೆ ನೆನಪು ಮಾಡಿಕೊಂಡಿದ್ದಾರೆ.

ಮುಂದಿನ ವರ್ಷ ಅಪ್ಪ ಮತ್ತೊಂದು ಮದುವೆಯಾದ. ಬಂದ ಮಲತಾಯಿ ಸಾರಾ ತುಂಬ ಒಳ್ಳೆಯವಳು, ಹುಡುಗನ ಓದಿಗೆ ಒತ್ತಾಸೆಯಾದವಳು. ಅಷ್ಟರ ಮಟ್ಟಿಗೆ ಪುಣ್ಯ. ಆದರೆ 1828ರಲ್ಲಿ ಅಕ್ಕನೂ ಹೆರಿಗೆಯಲ್ಲಿ ತೀರಿಕೊಂಡಳು. 19 ವರ್ಷ ತುಂಬುವುದರೊಳಗೆ ಅಮ್ಮ, ಅಕ್ಕ ಇಬ್ಬರೂ ಇಲ್ಲ. ಅಪ್ಪನ ಜೊತೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಎಲ್ಲ ಸಂಕಟವೂ ಕಾಯಿಲೆಯಾಗುವುದಿಲ್ಲ, ನಿಜ. ಸಾವು ನೋಡಿದವರೆಲ್ಲ ಖಿನ್ನತೆಗೆ ಬೀಳುವುದಿಲ್ಲ. ಆದರೆ ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡವರಿಗೆ ಮುಂದೆ ಈ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ ಅಂತ ಮನೋವೈದ್ಯರು ಹೇಳ್ತಾರೆ. ಲಿಂಕನ್ ದೇಹದಲ್ಲಿ ಆರಡಿ ನಾಲ್ಕಂಗುಲದ ಆಳು, ಕೊಡಲಿ ಹಿಡಿದರೆ ಯಾರೂ ಸಾಟಿ ಇಲ್ಲ, ಕುಸ್ತಿಯಲ್ಲಿ ಊರಿಗೇ ಹೆಸರು. ಅಂಥವನಿಗೆ ಮನಸ್ಸಿನ ಕಾಯಿಲೆ ಬರುತ್ತಾ ಅಂತ ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಅಂಗಡಿ, ಉದ್ದರಿ, ಹರಾಜು

1831ರಲ್ಲಿ, 22ನೇ ವಯಸ್ಸಿಗೆ, ಲಿಂಕನ್ ಇಲಿನಾಯ್ ರಾಜ್ಯದ ನ್ಯೂ ಸೇಲಂ ಎನ್ನುವ ಪುಟ್ಟ ಊರಿಗೆ ಬಂದರು. ಮೊದಲು ಒಬ್ಬರ ಅಂಗಡಿಯಲ್ಲಿ ಗುಮಾಸ್ತಿಕೆ. ಆ ಯಜಮಾನ ವರ್ಷದೊಳಗೆ ಅಂಗಡಿ ಮುಚ್ಚಿ ಹೋದ. ಆಮೇಲೆ ವಿಲಿಯಂ ಬೆರಿ ಎನ್ನುವವನ ಜೊತೆ ಪಾಲುಗಾರಿಕೆಯಲ್ಲಿ ತಾವೇ ಒಂದು ಅಂಗಡಿ ಹಾಕಿದರು. ಕೈಯಲ್ಲಿ ಕಾಸಿಲ್ಲ. ಸರಕೆಲ್ಲ ಸಾಲಪತ್ರ ಬರೆದುಕೊಟ್ಟು ತಂದದ್ದು. ಊರು ಸಣ್ಣದು, ಇರುವ ಗಿರಾಕಿಗಳೇ ಕಡಿಮೆ, ಅದರಲ್ಲೂ ಅಂಗಡಿಗಳ ಪೈಪೋಟಿ. ಲಿಂಕನ್‌ಗೆ ವ್ಯಾಪಾರಕ್ಕಿಂತ ಓದಿನ ಮೇಲೆ ಗಮನ, ಬೆರಿಗೆ ಪೀಪಾಯಿಯ ಮೇಲೆ ಗಮನ ಅಂತ ಊರವರು ಆಡಿಕೊಳ್ಳುತ್ತಿದ್ದರಂತೆ. ಅಂಗಡಿ ಮುಳುಗಿತು. 1835ರ ಜನವರಿಯಲ್ಲಿ ಬೆರಿ ತೀರಿಕೊಂಡ. ಅವನ ಪಾಲಿನದೂ ಸೇರಿ ಸುಮಾರು 1,100 ಡಾಲರ್ ಸಾಲ ಲಿಂಕನ್ ಒಬ್ಬರ ತಲೆಗೆ ಬಂತು.

ಆ ಕಾಲಕ್ಕೆ 1,100 ಡಾಲರ್ ಅಂದರೆ ಸಣ್ಣ ದುಡ್ಡಲ್ಲ. ಅದೇ ಊರಿನಲ್ಲಿ ಪೋಸ್ಟ್ ಮಾಸ್ಟರ್ ಆಗಿ ಅವರಿಗೆ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 55 ಡಾಲರ್. ಜೊತೆಗೆ ಜಮೀನು ಅಳೆಯುವ ಸರ್ವೆ ಕೆಲಸ. ಸಾಲಗಾರರು ಕೋರ್ಟಿಗೆ ಹೋದರು. ಅವರ ಕುದುರೆ, ಜೀನು, ಸರ್ವೆಯ ಸಾಮಾನು ಎಲ್ಲ ಜಪ್ತಿಯಾಗಿ ಹರಾಜಿಗೆ ಬಂತು. ಹೊಟ್ಟೆಪಾಡಿನ ಸಾಮಾನೇ ಹೋದರೆ ಗತಿ ಏನು? ಜೇಮ್ಸ್ ಶಾರ್ಟ್ ಎನ್ನುವ ರೈತ ಗೆಳೆಯ ಹರಾಜಿನಲ್ಲಿ ಕೂಗಿ, ಎಲ್ಲವನ್ನೂ ತಾನೇ ಕೊಂಡು, ತಂದು ವಾಪಸ್ ಕೊಟ್ಟ. ಆ ಸಾಲವನ್ನು ಲಿಂಕನ್ ತಮಾಷೆಗೆ ರಾಷ್ಟ್ರದ ಸಾಲ ಅಂತ ಕರೆಯುತ್ತಿದ್ದರು. ಪೂರ್ತಿ ತೀರಿಸಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಊರು ಬಿಟ್ಟು ಹೋಗುವುದು ಆಗ ಬಹಳ ಜನ ಮಾಡುತ್ತಿದ್ದ ಕೆಲಸ, ಇವರು ಬಿಟ್ಟು ಹೋಗಲಿಲ್ಲ.

ಮೇಲೆ ನಗು, ತಮಾಷೆ. ಒಳಗೆ ಏನಿತ್ತು ಅನ್ನುವುದು ಅದೇ ವರ್ಷ ಹೊರಗೆ ಬಂತು.

ಮೊದಲ ಸಲ

1835ರ ಬೇಸಿಗೆಯಲ್ಲಿ ಆ ಸೀಮೆಯಲ್ಲೆಲ್ಲ ಜ್ವರ. ಆಗಸ್ಟ್ 25ರಂದು ಆ್ಯನ್ ರಟ್ಲೆಜ್ ಎನ್ನುವ 22 ವರ್ಷದ ಹುಡುಗಿ ತೀರಿಕೊಂಡಳು. ಅವಳಿಗೂ ಲಿಂಕನ್‌ಗೂ ಮದುವೆ ಮಾತಾಗಿತ್ತು ಅಂತ ಊರಿನ ಹಲವರು ಆಮೇಲೆ ಹೇಳಿದರು. ಅದು ಎಷ್ಟು ನಿಜ ಅಂತ ಚರಿತ್ರೆ ಬರೆಯುವವರು ಇವತ್ತಿಗೂ ವಾದ ಮಾಡ್ತಾರೆ. ಆದರೆ ಅವಳು ಸತ್ತ ಮೇಲೆ ಲಿಂಕನ್ ಹೇಗಾದರು ಅನ್ನುವ ಬಗ್ಗೆ ಊರವರ ಮಾತಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಒಬ್ಬರೇ ಕಾಡಿನ ಕಡೆ ಅಲೆಯುವುದು, ಜನರನ್ನು ಕಂಡರೆ ದೂರ ಸರಿಯುವುದು, ಊಟ ನಿದ್ದೆ ಬಿಡುವುದು. ಮಳೆ ಬಂದರೆ ಅವಳ ಸಮಾಧಿಯ ಮೇಲೆ ನೀರು ಬೀಳುತ್ತಲ್ಲ ಅಂತ ಸಂಕಟಪಡುವುದು.

ಇಲ್ಲಿ ಊರವರು ಏನು ಮಾಡಿದರು ನೋಡಿ. ಗಂಡಸಾಗಿ ಹೀಗೆ ಅಳ್ತೀಯಲ್ಲ ಅಂತ ಹೇಳಿ ಸುಮ್ಮನಾಗಲಿಲ್ಲ. ಒಬ್ಬರನ್ನೇ ಬಿಟ್ಟರೆ ಅನಾಹುತ ಆಗಬಹುದು ಅಂತ ಅವರಿಗೆ ಅನ್ನಿಸಿತ್ತು. ಬೌಲಿಂಗ್ ಗ್ರೀನ್ ಎನ್ನುವ ಹಿರಿಯ, ಊರಿನ ನ್ಯಾಯ ಪಂಚಾಯ್ತಿ ಮಾಡುತ್ತಿದ್ದ ಮನುಷ್ಯ, ಲಿಂಕನ್‌ರನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಒಂದೆರಡು ವಾರ ಅಲ್ಲೇ ಇಟ್ಟುಕೊಂಡರು. ಅವನ ಹೆಂಡತಿ ಹೊತ್ತು ಹೊತ್ತಿಗೆ ಊಟ ಹಾಕಿದಳು, ಯಾರಾದರೊಬ್ಬರು ಜೊತೆಯಲ್ಲಿ ಇರುವ ಹಾಗೆ ನೋಡಿಕೊಂಡರು. ಉಪದೇಶ ಮಾಡಿದ ಸುದ್ದಿ ಎಲ್ಲೂ ಇಲ್ಲ. ಲಿಂಕನ್ ಮೆಲ್ಲಗೆ ಎದ್ದು ಮತ್ತೆ ಕೆಲಸಕ್ಕೆ ಹೊರಟರು.

ಕಾಯಿಲೆ ಮಾತ್ರ ಪೂರ್ತಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಅವರು ಇಲಿನಾಯ್ ಶಾಸನಸಭೆಗೆ ಆರಿಸಿ ಬಂದಿದ್ದರು. ರಾಬರ್ಟ್ ವಿಲ್ಸನ್ ಎನ್ನುವ ಜೊತೆಯ ಶಾಸಕನ ಹತ್ತಿರ ಒಮ್ಮೆ ಮನಸ್ಸು ಬಿಚ್ಚಿದರು. ಜನರ ಮಧ್ಯೆ ತಾನು ನಗುತ್ತಾ ಇರುವಂತೆ ಕಾಣುತ್ತೇನೆ, ಆದರೆ ಒಬ್ಬನೇ ಇದ್ದಾಗ ಮನಸ್ಸು ಎಷ್ಟು ಕುಗ್ಗುತ್ತದೆ ಅಂದರೆ ಜೇಬಿನಲ್ಲಿ ಚಾಕು ಇಟ್ಟುಕೊಳ್ಳುವ ಧೈರ್ಯವಿಲ್ಲ ಅಂತ ಹೇಳಿಕೊಂಡರು. ಅದನ್ನು ವಿಲ್ಸನ್ ಲಿಂಕನ್ ಸತ್ತ ಮೇಲೆ ದಾಖಲಿಸಿದ. ಅಷ್ಟು ವರ್ಷ ಆ ಮಾತನ್ನು ಅವನು ಮರೆತಿರಲಿಲ್ಲ.

ನಮ್ಮಲ್ಲಿ ಹತ್ತು ಜನರ ಮಧ್ಯೆ ಜೋಕ್ ಹೊಡೆಯುವ ಗಂಡಸನ್ನು ನೋಡಿ ಇವನಿಗೇನು ಚಿಂತೆ ಅಂತ ಹೇಳಿಬಿಡ್ತೇವೆ. ಲಿಂಕನ್ ಜೋಕುಗಳಿಗೆ ಜನ ಕಾದು ಕೂರುತ್ತಿದ್ದರು.

ಹದಿನೇಳು ಡಾಲರಿನ ಹಾಸಿಗೆ

1837ರ ಏಪ್ರಿಲ್. ವಕೀಲಿಕೆ ಶುರು ಮಾಡಲು ಲಿಂಕನ್ ಸ್ಪ್ರಿಂಗ್‌ಫೀಲ್ಡ್ ಪಟ್ಟಣಕ್ಕೆ ಬಂದರು. ಎರವಲು ಕುದುರೆ, ಎರಡು ಚೀಲ. ಅಷ್ಟೇ ಆಸ್ತಿ. ಪೇಟೆಯಲ್ಲಿ ಜೋಶುವಾ ಸ್ಪೀಡ್ ಎನ್ನುವ 22 ವರ್ಷದ ಹುಡುಗನ ದೊಡ್ಡ ಅಂಗಡಿ. ಬಟ್ಟೆ, ದಿನಸಿ, ಔಷಧಿ, ಹಾಸಿಗೆ ಎಲ್ಲ ಸಿಗುವ ಜಾಗ. ಒಬ್ಬರು ಮಲಗುವ ಹಾಸಿಗೆ ದಿಂಬು ಹೊದಿಕೆಗೆ ಎಷ್ಟಾಗುತ್ತೆ ಅಂತ ಲಿಂಕನ್ ಕೇಳಿದರು. ಸ್ಪೀಡ್ ಲೆಕ್ಕ ಹಾಕಿ 17 ಡಾಲರ್ ಅಂದ. ರೇಟು ಜಾಸ್ತಿಯೇನಲ್ಲ, ಆದರೆ ನನ್ನ ಹತ್ತಿರ ದುಡ್ಡಿಲ್ಲ, ಕ್ರಿಸ್‌ಮಸ್ ತನಕ ಉದ್ದರಿ ಕೊಟ್ಟರೆ, ವಕೀಲಿಕೆ ಕೈ ಹಿಡಿದರೆ ಕೊಡುತ್ತೇನೆ, ಹಿಡಿಯದಿದ್ದರೆ ಯಾವತ್ತಿಗೂ ಕೊಡಲಾಗದೇನೋ ಅಂತ ಲಿಂಕನ್ ನೇರವಾಗಿ ಹೇಳಿದರು.

ಉದ್ದರಿ ಕೇಳುವ ಗಿರಾಕಿಗಳ ಮುಖವನ್ನು ದಿನಕ್ಕೆ ಹತ್ತು ಸಲ ನೋಡುವವರಿಗೆ ಈ ಜಾಗ ಚೆನ್ನಾಗಿ ಅರ್ಥವಾಗುತ್ತೆ. ಸ್ಪೀಡ್ ಆ ಮುಖ ನೋಡಿದ. ಅಷ್ಟು ಬೇಸರದ ಮುಖವನ್ನು ತಾನು ಜೀವಮಾನದಲ್ಲಿ ನೋಡಿರಲಿಲ್ಲ ಅಂತ ಅವನು ಮುಂದೆ ಹೇಳಿದ್ದಾನೆ. ಸಾಲ ಮಾಡುವುದೇ ಬೇಡ, ಅಂಗಡಿ ಮೇಲೆ ನನ್ನದೊಂದು ಕೋಣೆ ಇದೆ, ದೊಡ್ಡ ಮಂಚ ಇದೆ, ಬೇಕಾದರೆ ಅಲ್ಲೇ ಇರಬಹುದು ಅಂದ. ಲಿಂಕನ್ ಎರಡು ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿ, ಇಟ್ಟು, ನಗುತ್ತಾ ಇಳಿದು ಬಂದರು. ಮನೆ ಬದಲಾಯಿಸಿ ಆಯಿತು ಅನ್ನುವ ಹಾಗೆ.

ಸುಮಾರು ನಾಲ್ಕು ವರ್ಷ ಅಲ್ಲೇ ಇದ್ದರು. ಚಳಿಗಾಲದ ರಾತ್ರಿಗಳಲ್ಲಿ ಅಂಗಡಿಯ ಹಿಂಭಾಗದಲ್ಲಿ ಬೆಂಕಿ ಸುತ್ತ ಎಂಟು ಹತ್ತು ಗಂಡಸರು ಸೇರುತ್ತಿದ್ದರು. ರಾಜಕೀಯ, ಪದ್ಯ, ಹರಟೆ. ನಮ್ಮ ಪೇಟೆ ಬೀದಿಯ ಅಂಗಡಿ ಕಟ್ಟೆಗಳ ಹಾಗೇ.

ಎರಡನೇ ಸಲ

1840ರ ಕೊನೆಯಲ್ಲಿ ನಾಲ್ಕು ಕಡೆಯಿಂದಲೂ ಪೆಟ್ಟು ಬಿತ್ತು. ರೈಲು, ಕಾಲುವೆ ಅಂತ ಸರ್ಕಾರ ಕೋಟಿ ಲೆಕ್ಕದಲ್ಲಿ ಸಾಲ ಮಾಡುವ ಯೋಜನೆಗೆ ಲಿಂಕನ್ ಶಾಸನಸಭೆಯಲ್ಲಿ ಮುಂದೆ ನಿಂತು ಬೆಂಬಲ ಕೊಟ್ಟಿದ್ದರು. ಅದು ನೆಲಕಚ್ಚಿ ರಾಜ್ಯವೇ ದಿವಾಳಿ ಅಂಚಿಗೆ ಬಂದಿತ್ತು. ಮೇರಿ ಟಾಡ್ ಎನ್ನುವವರ ಜೊತೆ ಗೊತ್ತಾಗಿದ್ದ ಮದುವೆ ಮುರಿದುಬಿತ್ತು. ಅಪ್ಪ ತೀರಿಕೊಂಡ ಕಾರಣಕ್ಕೆ ಸ್ಪೀಡ್ ಅಂಗಡಿಯ ಪಾಲು ಮಾರಿ ಊರಿಗೆ ಹೊರಡುವ ತಯಾರಿಯಲ್ಲಿದ್ದ. ಜೊತೆಗೆ ವಕೀಲಿಕೆಯ ಓಡಾಟದ ಸುಸ್ತು.

1841ರ ಜನವರಿಯಲ್ಲಿ ಲಿಂಕನ್ ಹಾಸಿಗೆ ಹಿಡಿದರು. ಸುಮಾರು ಒಂದು ವಾರ ಸದನದ ಕಡೆ ಹೋಗಲಿಲ್ಲ. ಮತ್ತೆ ಕಾಣಿಸಿಕೊಂಡಾಗ ಮೈ ಇಳಿದುಹೋಗಿತ್ತು, ದನಿ ಪಿಸುಮಾತಿಗಿಂತ ಮೇಲೆ ಏಳುತ್ತಿರಲಿಲ್ಲ ಅಂತ ಊರಿನ ಒಬ್ಬ ವಕೀಲ ಆ ದಿನಗಳಲ್ಲೇ ಪತ್ರ ಬರೆದಿದ್ದಾನೆ. ಲಿಂಕನ್‌ಗೆ ತಲೆ ಕೆಟ್ಟಿದೆ ಅಂತ ಊರೆಲ್ಲ ಸುದ್ದಿ.

ಸ್ಪೀಡ್ ಏನು ಮಾಡಿದ? ಕೋಣೆಯಲ್ಲಿದ್ದ ಕ್ಷೌರದ ಕತ್ತಿ, ಚಾಕು, ಅಂಥ ಅಪಾಯದ ವಸ್ತುಗಳನ್ನೆಲ್ಲ ತೆಗೆದು ದೂರ ಇಟ್ಟ. ಒಂಟಿಯಾಗಿ ಬಿಡಲಿಲ್ಲ. ಇವತ್ತಿನ ವೈದ್ಯರೂ ಮನೆಯವರಿಗೆ ಮೊದಲು ಹೇಳುವುದು ಇದನ್ನೇ. ನಮ್ಮ ಹಳ್ಳಿ ಕಡೆ ಆದರೆ ಮನೆಯಲ್ಲಿರುವ ಕೀಟನಾಶಕದ ಡಬ್ಬವನ್ನು ಬೀಗ ಹಾಕಿ ಇಡಿ ಅಥವಾ ಬೇರೆ ಕಡೆ ಸಾಗಿಸಿ ಅಂತ ಹೇಳ್ತಾರೆ. ಆ ಯೋಚನೆ ತೀವ್ರವಾಗಿ ಬರುವ ಗಳಿಗೆ ಬಹಳ ಸಲ ಚಿಕ್ಕದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತೆ.

ಲಿಂಕನ್ ತಾವೇನು ಮಾಡಿದರು ಅನ್ನೋದು ಇನ್ನೂ ಮುಖ್ಯ. ಮುಚ್ಚಿಡಲಿಲ್ಲ. ಜನವರಿ 23ರಂದು, ವಾಷಿಂಗ್ಟನ್ನಿನಲ್ಲಿದ್ದ ತಮ್ಮ ವಕೀಲಿಕೆ ಪಾಲುದಾರ ಜಾನ್ ಸ್ಟುವರ್ಟ್‌ಗೆ ಪತ್ರ ಬರೆದು, ಬದುಕಿರುವವರಲ್ಲೇ ತನ್ನಷ್ಟು ಸಂಕಟದಲ್ಲಿರುವವನು ಯಾರೂ ಇಲ್ಲ, ಸರಿಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ, ಹೀಗೇ ಇರುವುದು ಮಾತ್ರ ಸಾಧ್ಯವಿಲ್ಲ ಅಂತ ತಿಳಿಸಿದರು. ವ್ಯಾಪಾರದ ಪಾಲುದಾರನಿಗೆ ಇಂಥ ಪತ್ರ ಬರೆಯಲು ಎಷ್ಟು ಗಟ್ಟಿ ಮನಸ್ಸು ಬೇಕು ಯೋಚಿಸಿ.

ಡಾಕ್ಟರ ಹತ್ತಿರವೂ ಹೋದರು. ಊರಿನ ವೈದ್ಯ ಆ್ಯನ್ಸನ್ ಹೆನ್ರಿ ದಿನಾ ನೋಡುತ್ತಿದ್ದರು. ಆ ಹೆನ್ರಿ ಊರು ಬಿಟ್ಟು ಹೋಗುವ ಮಾತು ಬಂದಾಗ, ಅವರನ್ನು ಇಲ್ಲೇ ಪೋಸ್ಟ್ ಮಾಸ್ಟರ್ ಮಾಡಿಸಿ, ಅವರಿಲ್ಲದೆ ನನ್ನಿಂದ ಆಗದು ಅಂತ ಸ್ಟುವರ್ಟ್‌ಗೇ ಶಿಫಾರಸು ಬರೆದರು. ಸಾಲದು ಅಂತ ಸಿನ್ಸಿನಾಟಿಯ ಹೆಸರಾಂತ ವೈದ್ಯ ಡೇನಿಯಲ್ ಡ್ರೇಕ್ ಅವರಿಗೆ ತಮ್ಮ ಸ್ಥಿತಿಯನ್ನೆಲ್ಲ ವಿವರಿಸಿ ಉದ್ದದ ಪತ್ರ ಹಾಕಿದರು. ಖುದ್ದಾಗಿ ನೋಡದೆ ಔಷಧಿ ಬರೆಯಲು ಆಗದು ಅಂತ ಡ್ರೇಕ್ ಉತ್ತರ ಕೊಟ್ಟರು. ಸರಿಯಾದ ಉತ್ತರವೇ. ಮೆಡಿಕಲ್ ಸ್ಟೋರಿನಲ್ಲಿ ನಿದ್ದೆ ಮಾತ್ರೆ ಕೇಳುವವರಿಗೆ ಇವತ್ತೂ ಅದೇ ಉತ್ತರ ಸಿಗಬೇಕು.

ಆ ಕಾಲದ ಔಷಧಿಯ ಬಗ್ಗೆ ಹೇಳದಿರುವುದೇ ಮೇಲು. ರಕ್ತ ತೆಗೆಯುವುದು, ಭೇದಿ ಮಾಡಿಸುವುದು. ಲಿಂಕನ್ ಬಹಳ ವರ್ಷ ನುಂಗಿದ ನೀಲಿ ಗುಳಿಗೆಯಲ್ಲಿ ಪಾದರಸ ಇತ್ತು. ಅದರಿಂದ ಸಿಟ್ಟು ಹೆಚ್ಚಾಗುತ್ತದೆ ಅಂತ ಅವರೇ ಗಮನಿಸಿ ಅಧ್ಯಕ್ಷರಾದ ಮೇಲೆ ನಿಲ್ಲಿಸಿದರು.

ಇವತ್ತು ಹಾಗಿಲ್ಲ

ಖಿನ್ನತೆಗೆ ಈಗ ಸರಿಯಾದ ಔಷಧಿ ಇದೆ, ಆಪ್ತಸಮಾಲೋಚನೆ ಇದೆ. ಕೊರತೆ ಇರುವುದು ಗಂಡಸರು ಬಾಯಿ ಬಿಡುವುದರಲ್ಲಿ. ಹೆಂಗಸರು ಅತ್ತಾದರೂ ಹೇಳಿಕೊಳ್ತಾರೆ. ಗಂಡಸರಲ್ಲಿ ಅದು ಬೇರೆ ವೇಷದಲ್ಲಿ ಬರುತ್ತೆ. ಮಾತು ಮಾತಿಗೆ ರೇಗುವುದು. ಹೆಂಡತಿ ಮಕ್ಕಳ ಮೇಲೆ, ಕೆಲಸದ ಹುಡುಗರ ಮೇಲೆ ಕೂಗಾಡುವುದು. ಕುಡಿತ ಜಾಸ್ತಿಯಾಗುವುದು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು. ಸ್ಕ್ಯಾನಿಂಗ್ ಮಾಡಿಸಿದರೂ ಏನೂ ಕಾಣದ ತಲೆನೋವು, ಎದೆನೋವು, ಬೆನ್ನುನೋವು, ಗ್ಯಾಸು. ಲೆಕ್ಕ ಬರೆಯಲು ಕೂತರೆ ತಲೆಗೆ ಹತ್ತದಿರುವುದು. ಜಾತ್ರೆ, ಹಬ್ಬ, ಕ್ರಿಕೆಟ್ಟು ಯಾವುದರಲ್ಲೂ ಮನಸ್ಸಿಲ್ಲದಿರುವುದು. ಇಂಥವು ಎರಡು ವಾರಕ್ಕಿಂತ ಹೆಚ್ಚು ದಿನ ಬಿಡದೆ ಇದ್ದು, ಕೆಲಸಕ್ಕೆ, ಮನೆ ಸಂಸಾರಕ್ಕೆ ಅಡ್ಡಿಯಾಗುತ್ತಿದ್ದರೆ ಡಾಕ್ಟರ ಹತ್ತಿರ ಹೋಗುವ ಕಾಲ ಬಂದಿದೆ ಅಂತ ಅರ್ಥ. ಇನ್ನು ಯಾರಾದರೂ ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ ಅಂತ ಮಾತಾಡಲು ಶುರು ಮಾಡಿದರೆ, ಇದ್ದಕ್ಕಿದ್ದಂತೆ ಎಲ್ಲರ ಬಾಕಿ ತೀರಿಸಿ, ಕಾಗದಪತ್ರ ಸರಿಮಾಡಿ, ವಿದಾಯ ಹೇಳುವ ಹಾಗೆ ನಡೆದುಕೊಂಡರೆ ಎರಡು ವಾರ ಕಾಯುವುದು ಬೇಡ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅನ್ನೋದು ತಪ್ಪು ತಿಳುವಳಿಕೆ. ಕೇಳಿದವರ ಹತ್ತಿರ ಎಷ್ಟೋ ಜನ ನಿಟ್ಟುಸಿರು ಬಿಟ್ಟು ಹೇಳಿಕೊಳ್ತಾರೆ.

ಎಲ್ಲಿಗೆ ಹೋಗಬೇಕು? ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಅವರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೂ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಅಂದಹಾಗೆ, ಜಿಲ್ಲಾ ಮಟ್ಟದಲ್ಲಿ ಮನಸ್ಸಿನ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಮಾತ್ರೆ ಶುರು ಮಾಡಿದರೆ ಗುಣ ಕಾಣಲು ಕೆಲವು ವಾರ ಹಿಡಿಯುತ್ತೆ. ಎರಡು ದಿನ ನುಂಗಿ ಏನೂ ಆಗಲಿಲ್ಲ ಅಂತ ಬಿಡಬಾರದು, ಸರಿಹೋಯಿತು ಅಂತ ಡಾಕ್ಟರನ್ನು ಕೇಳದೆ ನಿಲ್ಲಿಸಲೂ ಬಾರದು. ದೇವಸ್ಥಾನಕ್ಕೆ, ದರ್ಗಾಕ್ಕೆ ಹರಕೆ ಹೊರುವವರು ಹೊರಲಿ, ಅದರ ಜೊತೆಗೆ ಆಸ್ಪತ್ರೆಗೂ ಹೋಗಲಿ.

ಗೆಳೆಯನಿಗೆ ಅದೇ ಕಾಯಿಲೆ

1841ರ ಆಗಸ್ಟಿನಲ್ಲಿ ಲಿಂಕನ್ ಕೆಂಟಕಿಯಲ್ಲಿದ್ದ ಸ್ಪೀಡ್ ಮನೆಗೆ ಹೋಗಿ ಹಲವು ವಾರ ಇದ್ದರು. ಸ್ಪೀಡ್ ತಾಯಿ ಸ್ವಂತ ಮಗನ ಹಾಗೆ ನೋಡಿಕೊಂಡು, ಒಂದು ಬೈಬಲ್ ಕೊಟ್ಟಳು. ಆ ದೊಡ್ಡ ತೋಟದ ಕೆಲಸ ಮಾಡುತ್ತಿದ್ದವರು ಗುಲಾಮರು ಅನ್ನೋದನ್ನೂ ಹೇಳಬೇಕು. ವಾಪಸ್ ಬರುವ ಹಡಗಿನಲ್ಲಿ ಹನ್ನೆರಡು ಗುಲಾಮರನ್ನು ಸರಪಳಿಯಿಂದ ಕಟ್ಟಿ ಸಾಗಿಸುತ್ತಿದ್ದುದನ್ನು ಲಿಂಕನ್ ನೋಡಿದರು. ಆ ದೃಶ್ಯ ತನ್ನನ್ನು ಕಾಡುತ್ತಲೇ ಇದೆ ಅಂತ 14 ವರ್ಷದ ನಂತರ ಸ್ಪೀಡ್‌ಗೇ ಬರೆದರು. ಗುಲಾಮಗಿರಿ ವಿಷಯದಲ್ಲಿ ಗೆಳೆಯರಿಬ್ಬರಿಗೂ ಒಮ್ಮತ ಇರಲಿಲ್ಲ, ಸ್ನೇಹ ಮಾತ್ರ ಹರಿಯಲಿಲ್ಲ.

ಆ ವರ್ಷದ ಕೊನೆಗೆ ಸ್ಪೀಡ್‌ಗೆ ಮದುವೆ ಗೊತ್ತಾಯಿತು. ಈಗ ಕುಸಿಯುವ ಸರದಿ ಅವನದು. ಹುಡುಗಿಯ ಮೇಲೆ ತನಗೆ ನಿಜಕ್ಕೂ ಪ್ರೀತಿ ಇದೆಯಾ, ಮದುವೆ ಮಾಡಿಕೊಂಡು ಅವಳ ಬಾಳು ಹಾಳು ಮಾಡ್ತೇನಾ ಅಂತ ಹಗಲು ರಾತ್ರಿ ಕೊರಗು. ಲಿಂಕನ್ ಅವನಿಗೆ ಪತ್ರದ ಮೇಲೆ ಪತ್ರ ಬರೆದರು. ನಿನಗೆ ಹೀಗೆ ಆಗಲು ಕಾರಣಗಳಿವೆ ಅಂತ ಬಿಡಿಸಿ ಹೇಳಿದರು: ಮೊದಲೇ ಸೂಕ್ಷ್ಮ ನರದ ಮನುಷ್ಯ, ಪ್ರಯಾಣದಲ್ಲಿ ಕೆಟ್ಟ ಹವೆ, ಕೈಗೆ ಕೆಲಸವಿಲ್ಲ, ಮಾತಾಡಲು ಗೆಳೆಯರಿಲ್ಲ, ಮೇಲೆ ದೊಡ್ಡ ದಿನ ಹತ್ತಿರ ಬರುತ್ತಿದೆ. ಇದು ನಿನ್ನ ತಪ್ಪಲ್ಲ ಅನ್ನುವುದು ಆ ಪತ್ರಗಳ ಸಾರ. ಮನಸ್ಸು ಸರಿಯಿಲ್ಲದಾಗ ಸುಮ್ಮನೆ ಕೂರಬೇಡ, ಏನಾದರೂ ಕೆಲಸ ಹಚ್ಚಿಕೋ ಅಂತ ಹೇಳಿದರು. ಕುಸಿದು ಎದ್ದವನು ಮಾತ್ರ ಬರೆಯಬಲ್ಲ ಪತ್ರಗಳು ಅವು.

1842ರ ಫೆಬ್ರವರಿ 15ರಂದು ಸ್ಪೀಡ್ ಮದುವೆಯಾದ, ಚೆನ್ನಾಗಿಯೇ ಬಾಳಿದ. ಅಕ್ಟೋಬರಿನಲ್ಲಿ ಲಿಂಕನ್ ಅವನಿಗೆ ಒಂದು ಪ್ರಶ್ನೆ ಕೇಳಿ ಬೇಗ ಉತ್ತರ ಬರಲಿ ಅಂದರು. ಮದುವೆಯಾಗಿ ಎಂಟು ತಿಂಗಳಾಯಿತಲ್ಲ, ಬುದ್ಧಿಯಷ್ಟೇ ಅಲ್ಲ, ಮನಸ್ಸೂ ಸಂತೋಷವಾಗಿದೆಯಾ ಅನ್ನುವುದು ಪ್ರಶ್ನೆ. ನವೆಂಬರ್ 4ರಂದು ಲಿಂಕನ್ ಅದೇ ಮೇರಿ ಟಾಡ್ ಅವರನ್ನು ಮದುವೆಯಾದರು.

ಹೋಗದ ನೆರಳು

ಮುಂದಿನ ಇಪ್ಪತ್ತು ವರ್ಷದ ಕಥೆ ಎಲ್ಲರಿಗೂ ಗೊತ್ತಿರುವುದೇ. ವಕೀಲಿಕೆಯಲ್ಲಿ ಹೆಸರು, ಒಂದು ಅವಧಿಗೆ ಸಂಸತ್ತು, ಸೆನೆಟ್ ಚುನಾವಣೆಯಲ್ಲಿ ಎರಡು ಸೋಲು, 1860ರಲ್ಲಿ ಅಧ್ಯಕ್ಷ ಪದವಿ. ಕಾಯಿಲೆ ಪೂರ್ತಿ ಹೋಯಿತಾ? ಇಲ್ಲ. ಜೊತೆಯ ವಕೀಲರು ಬೆಳಕು ಹರಿಯುವ ಮೊದಲೇ ಎದ್ದು ಒಬ್ಬರೇ ಕೂತು ಏನೋ ಗೊಣಗುತ್ತಿದ್ದ ಲಿಂಕನ್‌ರನ್ನು ಕಂಡಿದ್ದಾರೆ. 1844ರಿಂದ ಪಾಲುದಾರನಾಗಿದ್ದ ವಿಲಿಯಂ ಹರ್ನ್‌ಡನ್, ಇವರು ನಡೆದರೆ ಬೇಸರವೇ ತೊಟ್ಟಿಕ್ಕಿದಂತೆ ಕಾಣುತ್ತಿತ್ತು ಅಂತ ಬರೆದಿದ್ದಾನೆ. ಖಿನ್ನತೆ ಕೆಲವರಿಗೆ ಸಕ್ಕರೆ ಕಾಯಿಲೆಯ ಹಾಗೆ, ಹಿಡಿತದಲ್ಲಿಟ್ಟುಕೊಂಡು ಬದುಕಬೇಕು. ಲಿಂಕನ್ ಹಿಡಿತದಲ್ಲಿಟ್ಟುಕೊಂಡದ್ದು ಕೆಲಸದಿಂದ, ಗೆಳೆಯರಿಂದ, ತಮಾಷೆಯಿಂದ. 1862ರ ಸೆಪ್ಟೆಂಬರ್ 22ರಂದು ಗುಲಾಮರ ಬಿಡುಗಡೆಯ ಕರಡು ಓದಲು ಮಂತ್ರಿಗಳನ್ನು ಕರೆಸಿ, ಮೊದಲು ಒಂದು ಹಾಸ್ಯ ಲೇಖನ ಓದಿ ಹೇಳಿದರು. ಕೆಲವು ಮಂತ್ರಿಗಳಿಗೆ ಅದು ಹಿಡಿಸಲಿಲ್ಲವಂತೆ.

ಅದೇ ವರ್ಷ ಫೆಬ್ರವರಿಯಲ್ಲಿ ಹನ್ನೊಂದು ವರ್ಷದ ಮಗ ವಿಲ್ಲಿ ಜ್ವರದಲ್ಲಿ ತೀರಿಕೊಂಡಿದ್ದ. ಹೊರಗೆ ಅಂತರ್ಯುದ್ಧ, ದಿನವೂ ಸಾವಿನ ಲೆಕ್ಕ. ಡಿಸೆಂಬರಿನಲ್ಲಿ ಇಲಿನಾಯ್‌ನ ಹಳೆ ಗೆಳೆಯ ವಿಲಿಯಂ ಮೆಕಲ್ಲೊ ಯುದ್ಧದಲ್ಲಿ ಸತ್ತ. ಅವನ ಮಗಳು ಫ್ಯಾನಿ ಕೋಣೆ ಬಾಗಿಲು ಹಾಕಿಕೊಂಡು ಊಟ ಬಿಟ್ಟಿದ್ದಾಳೆ ಅಂತ ಸುದ್ದಿ ಬಂತು. ಡಿಸೆಂಬರ್ 23ರಂದು ಅಧ್ಯಕ್ಷರು ಕೆಲಸ ಬದಿಗಿಟ್ಟು ಆ ಹುಡುಗಿಗೆ ಪತ್ರ ಬರೆದರು. ಮುಂದೆ ಸಮಾಧಾನ ಸಿಗುತ್ತದೆ ಅಂತ ಈಗ ನೀನು ನಂಬಲಾರೆ, ಆದರೆ ಅದು ನಿಜ, ನನಗೆ ಅನುಭವದಿಂದ ಗೊತ್ತು ಅನ್ನುವುದು ಅದರ ತಾತ್ಪರ್ಯ. ದೇವರ ಇಚ್ಛೆ ಅಂತ ಹೇಳಿ ಮುಗಿಸಲಿಲ್ಲ.

ಒಂಬತ್ತು ದಿನದ ನಂತರ, 1863ರ ಜನವರಿ 1ರಂದು, ಗುಲಾಮರ ಬಿಡುಗಡೆಯ ಘೋಷಣೆಗೆ ಸಹಿ ಬಿತ್ತು. ಆಮೇಲೆ ಸ್ಪೀಡ್ ವಾಷಿಂಗ್ಟನ್ನಿಗೆ ಬಂದಾಗ ಲಿಂಕನ್ ಹಳೆಯ ಒಂದು ಮಾತು ನೆನಪಿಸಿದರು. 1841ರಲ್ಲಿ, ನೀನು ಗಟ್ಟಿಯಾಗದಿದ್ದರೆ ಸತ್ತೇಹೋಗ್ತೀಯ ಅಂತ ಸ್ಪೀಡ್ ಹೆದರಿಸಿದ್ದ. ಸಾಯಲು ನನಗೆ ಭಯವಿಲ್ಲ, ಆದರೆ ಇವನೊಬ್ಬ ಬದುಕಿದ್ದ ಅಂತ ಯಾರಾದರೂ ನೆನೆಯುವ ಕೆಲಸ ನಾನಿನ್ನೂ ಏನೂ ಮಾಡಿಲ್ಲವಲ್ಲ ಅಂತ ಆಗ ಲಿಂಕನ್ ಅಂದಿದ್ದರು. ಆ ಕೆಲಸ ಈಗ ಆಗಿದೆ ಅಂತ ಅನ್ನಿಸುತ್ತೆ ಅಂದರು.

1865ರ ಏಪ್ರಿಲ್ 14ರ ರಾತ್ರಿ ನಾಟಕ ಮಂದಿರದಲ್ಲಿ ಅವರಿಗೆ ಗುಂಡು ಬಿತ್ತು, ಮರುದಿನ ಬೆಳಿಗ್ಗೆ ಪ್ರಾಣ ಹೋಯಿತು. 56 ವರ್ಷ. ಹಳೆ ಪಾಲುದಾರ ಹರ್ನ್‌ಡನ್ ಊರೂರು ಓಡಾಡಿ, ಪತ್ರ ಬರೆದು, ಲಿಂಕನ್‌ರನ್ನು ಬಲ್ಲವರ ನೆನಪುಗಳನ್ನು ಕಲೆಹಾಕಿದ. ನ್ಯೂ ಸೇಲಂನ ಮಳೆಯ ಸಂಗತಿ, ಜೇಬಿನ ಚಾಕುವಿನ ಸಂಗತಿ, 17 ಡಾಲರಿನ ಹಾಸಿಗೆ, ಬಚ್ಚಿಟ್ಟ ಕ್ಷೌರದ ಕತ್ತಿ ಎಲ್ಲವೂ ಲೋಕಕ್ಕೆ ಗೊತ್ತಾಗಿದ್ದು ಹಾಗೆ. ದೊಡ್ಡ ಮನುಷ್ಯರ ಮರ್ಯಾದೆ ಹೋಗುತ್ತೆ ಅಂತ ಆಗ ಕೆಲವರು ಹರ್ನ್‌ಡನ್ ಮೇಲೆ ಸಿಟ್ಟಾದರು. 1882ರಲ್ಲಿ ತೀರಿಕೊಂಡ ಸ್ಪೀಡ್ ಮಾತ್ರ, ಗೆಳೆಯನ ಆ ದಿನಗಳ ಬಗ್ಗೆ ಕೇಳಿದವರಿಗೆ ಮುಚ್ಚುಮರೆ ಇಲ್ಲದೆ ಹೇಳಿದ್ದ.